ಮನವಿ ಕೊಟ್ಟರೆ ಸಾಲದು, ನಂಬರ್ ಕೇಳಿ ಪಡೆಯಿರಿ

ನಮ್ಮೂರ ಕೆರೆ ಏರಿ ಮೇಲೆ ಸೋಮವಾರ ಬೆಳಿಗ್ಗೆ ವಾಕಿಂಗ್ ಹೋಗುವುದನ್ನೇ ಬಿಟ್ಟಿದ್ದೆವು. ಭಾನುವಾರ ಊರಿಗೆ ಊರೇ ಕೋಳಿ ತಿನ್ನುತ್ತದೆ. ಅಂಗಡಿಗಳಲ್ಲಿ ಉಳಿದ ಪುಕ್ಕ, ಕರುಳು, ಕಾಲು ಎಲ್ಲ ರಾತ್ರಿ ಗೋಣಿಚೀಲದಲ್ಲಿ ಬಂದು ಕೋಡಿ ಹತ್ತಿರ ಬೀಳುತ್ತಿತ್ತು. ನಾಯಿಗಳಿಗೆ ಹಬ್ಬ. ಆಚೆ ದಡದಲ್ಲಿ ಬಟ್ಟೆ ಒಗೆಯುವವರಿಗೆ ಮೈಯೆಲ್ಲ ತುರಿಕೆ.

ಸರಿ, ಮನವಿ ಕೊಡೋಣ ಅಂತ ಹೊರಟೆವು. ಮೂರು ಪುಟದ ಮನವಿ. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಬರೆದದ್ದು, ಕನ್ನಡ ಸೊಗಸಾಗಿತ್ತು. ಪಂಚಭೂತಗಳಿಂದ ಶುರುವಾಗಿ ಕೆರೆಗೆ ಬರುವ ಹೊತ್ತಿಗೆ ಎರಡನೇ ಪುಟ. 212 ಸಹಿ. ಮುಖ್ಯಮಂತ್ರಿಯಿಂದ ಹಿಡಿದು ವಾರ್ಡ್ ಸದಸ್ಯರವರೆಗೆ ಎಲ್ಲರ ಹೆಸರೂ ಮೇಲೆ. ಹತ್ತು ಜನ ಹೋಗಿ ಅಧಿಕಾರಿಯ ಕೈಗೆ ಕೊಟ್ಟು, ಫೋಟೊ ತೆಗೆಸಿಕೊಂಡು, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆವು.

ನಾಲ್ಕು ತಿಂಗಳಾದರೂ ಏನೂ ಆಗಲಿಲ್ಲ. ವಿಚಾರಿಸಲು ಹೋದರೆ ಕೇಸ್ ವರ್ಕರ್ ಕೇಳಿದ್ದು ಒಂದೇ ಮಾತು: ‘ಇನ್‌ವರ್ಡ್ ನಂಬರ್ ಎಷ್ಟು ಸಾರ್?’

‘ಸಾಹೇಬರ ಕೈಗೇ ಕೊಟ್ವಲ್ಲಮ್ಮ, ಫೋಟೊ ಇದೆ’ ಅಂದೆ.

‘ಫೋಟೊ ಇಟ್ಕೊಂಡು ಫೈಲ್ ಹುಡುಕಕ್ಕೆ ಆಗಲ್ಲ ಸಾರ್.’

ಆಕೆ ಹೇಳಿದ್ದು ನಿಜ. ಟಪಾಲು ವಿಭಾಗದಲ್ಲಿ ಕಾಗದ ದಾಖಲಾದಾಗ ಬೀಳುವ ಸ್ವೀಕೃತಿ ಸಂಖ್ಯೆಯೇ ಇನ್‌ವರ್ಡ್ ನಂಬರ್. ನಮ್ಮ ಮನವಿಗೆ ಅದಿರಲಿಲ್ಲ. ಎರಡನೇ ಸಲ ಒಂದೇ ಪುಟ ಬರೆದೆವು, 23 ಸಹಿ ಹಾಕಿಸಿದೆವು. ಮೂರು ವಾರದಲ್ಲಿ ಕೆಲಸ ಶುರುವಾಯಿತು. ಆ ಎರಡು ಮನವಿಗಳ ನಡುವೆ ನಾವು ಕಲಿತದ್ದು, ಆಮೇಲೆ ಬೇರೆಯವರಿಗೆ ಬರೆದುಕೊಡುತ್ತಾ ತಿಳಿದದ್ದು ಇಲ್ಲಿದೆ.

ಕೆರೆ ಯಾರದ್ದು?

ಮೊದಲ ಹೆಜ್ಜೆ ಪೆನ್ನು ಹಿಡಿಯುವುದಲ್ಲ. ಜಾಗ ಯಾವ ಇಲಾಖೆಯ ಸುಪರ್ದಿಯಲ್ಲಿದೆ ಅಂತ ಪತ್ತೆ ಮಾಡುವುದು. ಇದಕ್ಕೇ ಜಾಸ್ತಿ ಸಮಯ ಕೊಡಿ. ಅರ್ಧ ಮನವಿಗಳು ಸೋಲುವುದು ಇಲ್ಲಿ.

ಕೆರೆಯನ್ನೇ ತಗೊಳ್ಳಿ. ಹಳ್ಳಿ ಕಡೆಯ ಕೆರೆಯ ಅಚ್ಚುಕಟ್ಟು, ಅಂದರೆ ಅದರಿಂದ ನೀರು ಪಡೆಯುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಅದು ಸಾಮಾನ್ಯವಾಗಿ ಪಂಚಾಯತ್ ವ್ಯವಸ್ಥೆಯ ಕೆಳಗೆ ಬರುತ್ತದೆ. 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ. ಪಟ್ಟಣದೊಳಗಿನದು ನಗರಸಭೆ, ಪುರಸಭೆಯ ಪಾಲು. ಕಾಡಂಚಿನದಾದರೆ ಅರಣ್ಯ ಇಲಾಖೆ ಇರಬಹುದು. ಒತ್ತುವರಿಯ ಮಾತು ಬಂದರೆ ಕೆರೆ ಯಾರದ್ದೇ ಆಗಿರಲಿ, ತಹಶೀಲ್ದಾರರ ಬಳಿ ಹೋಗಬೇಕು. ಅಳತೆ ಮಾಡಿಸುವುದು, ತೆರವು ಮಾಡಿಸುವುದು ಕಂದಾಯ ಇಲಾಖೆಯ ಕೆಲಸ. ಕಾರ್ಖಾನೆಯ ಕೊಳಚೆ ಬರುತ್ತಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಒಂದೇ ಕೆರೆ, ನಾಲ್ಕು ಕಾಯಿಲೆ, ನಾಲ್ಕು ಕಚೇರಿ!

ಸರ್ವೆ ನಂಬರ್ ಬೇಕೇ ಬೇಕು. ಮೊಬೈಲ್‌ನಲ್ಲಿ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಕೆರೆ ದಡದಲ್ಲಿ ನಿಂತರೆ ನೀವಿರುವ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಗ್ರಾಮ ನಕ್ಷೆಗೂ ಪಹಣಿಗೂ ತಾಳೆ ನೋಡಿ. ಪಹಣಿಯಲ್ಲಿ ‘ಸರ್ಕಾರಿ ಕೆರೆ’, ‘ಖರಾಬು’, ‘ಗುಂಡುತೋಪು’ ಅಂತ ಏನಿದೆಯೋ ಅದನ್ನೇ ಮನವಿಯಲ್ಲಿ ಬರೆಯಿರಿ. ‘ಬಸ್ ಸ್ಟ್ಯಾಂಡ್ ಹಿಂದಿನ ಕೆರೆ’ ಅಂದರೆ ನಮಗೆ ಗೊತ್ತು, ಫೈಲಿಗೆ ಗೊತ್ತಾಗಲ್ಲ.

ಮುಖ್ಯಮಂತ್ರಿಗೇ ಬರೆದರೆ ಬೇಗ ಆಗುತ್ತದೆ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಆ ಮನವಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ಪುರಸಭೆಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು’ ಅನ್ನುವ ಒಂದು ಸಾಲು ಸೇರುತ್ತದೆ. ಕೊನೆಗೆ ನೀವು ಮೊದಲ ದಿನವೇ ಕೊಡಬಹುದಾಗಿದ್ದ ಟೇಬಲ್ಲಿಗೇ ಬಂದು ಕೂರುತ್ತದೆ.

ಸಾಕ್ಷಿಗೆ ಒಂದು ತಿಂಗಳು

ದಿನಾಂಕ, ಸಮಯ, ಜಾಗ ಮೂಡುವಂಥ ಕ್ಯಾಮೆರಾ ಆ್ಯಪ್‌ನಲ್ಲೇ ಫೋಟೊ ತೆಗೆಯಿರಿ. ಒಂದೇ ಜಾಗದಲ್ಲಿ ನಿಂತು, ಬೇರೆ ಬೇರೆ ದಿನ. ನಾವು ಐದು ಸೋಮವಾರ ಬೆಳಿಗ್ಗೆ ಆರೂವರೆಗೆ ಅದೇ ಲೈಟ್ ಕಂಬದ ಕೆಳಗೆ ನಿಂತು ತೆಗೆದೆವು. ಗುರುವಾರದ ಫೋಟೊ ಒಂದನ್ನೂ ಸೇರಿಸಿದೆವು. ಅದರಲ್ಲಿ ಚೀಲಗಳೇ ಇರಲಿಲ್ಲ. ಸಮಸ್ಯೆ ಭಾನುವಾರ ರಾತ್ರಿಯದ್ದು ಅಂತ ನಮಗೂ ಖಚಿತವಾಗಿದ್ದು ಆಗಲೇ.

ಗಾಡಿ ಕಂಡರೆ ನಂಬರ್ ಬರೆದುಕೊಳ್ಳಿ, ಅಷ್ಟೇ. ಕತ್ತಲಲ್ಲಿ ಅಡ್ಡ ಹಾಕಲು ಹೋಗಬೇಡಿ. ‘ಇಂಥವರೇ ಹಾಕುತ್ತಿದ್ದಾರೆ’ ಅಂತ ಹೆಸರು ಹಿಡಿದು ಬರೆಯುವುದೂ ಬೇಡ. ಮಾನನಷ್ಟದ ಕೇಸು ಮೈಮೇಲೆ ಬಂದರೆ ಕೆರೆ ಮರೆತು ಕೋರ್ಟಿಗೆ ಅಲೆಯಬೇಕಾಗುತ್ತದೆ.

ಒಂದು ಪುಟ, ಒಂದು ಸಮಸ್ಯೆ

ಎರಡನೇ ಮನವಿಯ ಮುಖ್ಯ ಭಾಗ ಹೀಗಿತ್ತು:

ಇವರಿಗೆ: ಮುಖ್ಯಾಧಿಕಾರಿಗಳು, ಪುರಸಭೆ.

ವಿಷಯ: ಸರ್ವೆ ನಂ. ——ರ ಸರ್ಕಾರಿ ಕೆರೆಯ ಕೋಡಿ ಬಳಿ ಕೋಳಿ ತ್ಯಾಜ್ಯ ಸುರಿಯುವುದನ್ನು ತಡೆಯುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ಜಾಗದಲ್ಲಿ ಪ್ರತಿ ಭಾನುವಾರ ರಾತ್ರಿ ಕೋಳಿ ತ್ಯಾಜ್ಯ ಸುರಿಯಲಾಗುತ್ತಿದೆ. ಐದು ವಾರಗಳ ಫೋಟೊ ಲಗತ್ತಿಸಿದೆ. ಆದ್ದರಿಂದ (1) ಭಾನುವಾರ ರಾತ್ರಿ 8ರಿಂದ 10ರವರೆಗೆ ಮಾಂಸದ ಅಂಗಡಿಗಳ ಸಾಲಿಗೆ ಕಸದ ಗಾಡಿ ಕಳಿಸಬೇಕು. (2) ಕೋಡಿ ಬಳಿಯ ಕೆಟ್ಟ ಬೀದಿದೀಪ ಸರಿಪಡಿಸಬೇಕು. (3) ಕೈಗೊಂಡ ಕ್ರಮದ ಬಗ್ಗೆ 15 ದಿನದೊಳಗೆ ಹಿಂಬರಹ ನೀಡಬೇಕು.

ಇಷ್ಟೇ. ಕೆರೆ ಉಳಿಸಿ ಅಂತ ಎಲ್ಲೂ ಬರೆಯಲಿಲ್ಲ. ಯಾಕೆಂದರೆ ಕೆರೆ ಉಳಿಸಲು ಆ ಅಧಿಕಾರಿಗೆ ಅನುದಾನ ಬೇಕು, ಯೋಜನಾ ವರದಿ ಬೇಕು, ಟೆಂಡರ್ ಬೇಕು. ಗಾಡಿ ಕಳಿಸಲು ಅವರದ್ದೇ ಒಂದು ಸಹಿ ಸಾಕು. ಮನವಿ ಓದಿದವರು ನಾಳೆ ಬೆಳಿಗ್ಗೆ ಮಾಡಬಹುದಾದ ಕೆಲಸ ಕೇಳಿ. ಒತ್ತುವರಿ, ಹೂಳು, ಬೇಲಿ ಇವಕ್ಕೆಲ್ಲ ಬೇರೆ ಬೇರೆ ಮನವಿ, ಬೇರೆ ಬೇರೆ ಕಚೇರಿ. ಎಲ್ಲ ಒಂದರಲ್ಲೇ ತುರುಕಿದರೆ ‘ಇದರಲ್ಲಿ ಎರಡನೇ ಅಂಶ ನಮಗೆ ಬರಲ್ಲ’ ಅನ್ನುವ ನೆಪಕ್ಕೆ ಇಡೀ ಕಾಗದ ಬೇರೆ ಕಚೇರಿಗೆ ಹೋಗುತ್ತದೆ.

‘ಹಿಂಬರಹ’ ಅನ್ನುವ ಪದ ನೆನಪಿಡಿ. ಅರ್ಜಿದಾರನಿಗೆ ಕಚೇರಿ ಕೊಡುವ ಲಿಖಿತ ಉತ್ತರ ಅದು. ‘ಆಗಲ್ಲ’ ಅಂತ ಬರೆದುಕೊಟ್ಟರೂ ಪರವಾಗಿಲ್ಲ, ಮುಂದಿನ ಮೆಟ್ಟಿಲಿಗೆ ಅದೇ ಆಧಾರ.

ಸಹಿ ಬಗ್ಗೆ ಒಂದು ಮಾತು. ಸಂಖ್ಯೆ ನೋಡಬೇಡಿ. ಹೆಸರು, ಮನೆ ವಿಳಾಸ, ಫೋನ್ ಇರುವ 23 ಸಹಿಗಳಿಗೆ ಬೆಲೆ ಜಾಸ್ತಿ. ಒಬ್ಬರೇ ಗೀಚಿದಂತೆ ಕಾಣುವ 212 ಸಹಿ ತೋರಿಸಲು ಚೆನ್ನ, ಅಷ್ಟೇ. ಕೆರೆಯನ್ನೇ ನಂಬಿದವರ ಸಹಿ ಮೊದಲು ಬರಲಿ: ಬಟ್ಟೆ ಒಗೆಯುವವರು, ಮೀನು ಗುತ್ತಿಗೆ ಹಿಡಿದವರು, ದನ ನೀರಿಗಿಳಿಸುವವರು. ನಮ್ಮಂಥ ವಾಕಿಂಗ್‌ನವರು ಕೊನೆಗೆ.

ಸೀಲು ಬೀಳದೆ ಮನೆಗೆ ಬರಬೇಡಿ

ಎರಡು ಪ್ರತಿ ಒಯ್ಯಿರಿ. ಸಾಹೇಬರ ಕೋಣೆಗೆ ಹೋಗುವ ಮುಂಚೆ ಟಪಾಲು ವಿಭಾಗಕ್ಕೆ ಹೋಗಿ. ಒಂದು ಪ್ರತಿ ಅವರಿಗೆ, ಇನ್ನೊಂದರ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ. ‘ಇಟ್ಟು ಹೋಗಿ, ಆಮೇಲೆ ಹಾಕ್ತೀವಿ’ ಅಂದರೆ ನಗುತ್ತಲೇ ಅಲ್ಲೇ ನಿಲ್ಲಿ. ಸುಮ್ನೆ ನಿಂತವರಿಗೆ ಸೀಲು ಬೇಗ ಸಿಗುತ್ತದೆ, ನನ್ನ ಅನುಭವ. ತೀರಾ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.

ಕಚೇರಿಗೆ ಹೋಗಲಾಗದವರು 1902ಕ್ಕೆ ಕರೆ ಮಾಡಬಹುದು. ಅದು ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ, ದೂರಿಗೆ ಸಂಖ್ಯೆ ಕೊಡುತ್ತಾರೆ. ರೈಲ್ವೆ, ರಾಷ್ಟ್ರೀಯ ಹೆದ್ದಾರಿಯಂಥ ಕೇಂದ್ರದ ವಿಷಯಗಳಿಗೆ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್ ಇದೆ. 2024ರಿಂದ ಅಲ್ಲಿ ಉತ್ತರಕ್ಕೆ 21 ದಿನದ ಗಡುವು.

ಹಳ್ಳಿಯವರಿಗೆ ಪಟ್ಟಣದವರಿಗಿಲ್ಲದ ಒಂದು ಅನುಕೂಲ ಇದೆ, ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ನಡೆಸಲೇಬೇಕು ಅನ್ನುತ್ತದೆ ಪಂಚಾಯತ್ ರಾಜ್ ಕಾಯ್ದೆ. ಅಲ್ಲಿ ಬಾಯಲ್ಲಿ ಹೇಳಿ ಬಂದರೆ ಗಾಳಿಗೆ ಹೋಯಿತು. ಬರೆದು ಕೊಟ್ಟು, ನಡಾವಳಿ ಪುಸ್ತಕದಲ್ಲಿ ಸೇರಿಸಿ ಅಂತ ಪಿಡಿಒ ಅವರನ್ನು ಕೇಳಿ, ಪುಸ್ತಕ ಮುಚ್ಚುವ ಮುಂಚೆ ಒಮ್ಮೆ ಓದಿಸಿಕೊಳ್ಳಿ.

ಉತ್ತರ ಬರದಿದ್ದರೆ

ಮೂವತ್ತು ದಿನ ಕಾಯಿರಿ. ಆಮೇಲೆ ಹಳೆಯ ಸ್ವೀಕೃತಿ ಸಂಖ್ಯೆಯನ್ನು ‘ಉಲ್ಲೇಖ’ದಲ್ಲಿ ಹಾಕಿ ನೆನಪೋಲೆ ಕೊಡಿ. ಅದರ ಜೊತೆಗೇ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕುವುದು ನನ್ನ ಪದ್ಧತಿ.

2005ರ ಈ ಕಾಯ್ದೆಯಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟರಾಯಿತು. ಬಿಪಿಎಲ್ ಕಾರ್ಡ್‌ನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಕಟ್ಟು ಇದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಬೈಗುಳಕ್ಕೆ ಪದ ಖರ್ಚು ಮಾಡಬೇಡಿ.

‘ಯಾಕೆ ಕ್ರಮ ಕೈಗೊಂಡಿಲ್ಲ?’ ಅಂತ ಕೇಳಿದರೆ ‘ಪ್ರಶ್ನೆಗಳಿಗೆ ಉತ್ತರ ಕೊಡಲು ಅವಕಾಶವಿಲ್ಲ’ ಅಂತ ಬರುತ್ತದೆ. ಹೀಗೆ ಕೇಳಿ: ‘ದಿನಾಂಕ ಇಂಥದ್ದರ ನಮ್ಮ ಮನವಿ, ಸ್ವೀಕೃತಿ ಸಂಖ್ಯೆ ಇಷ್ಟು, ಇದಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ.’ ಟಿಪ್ಪಣಿ ಹಾಳೆಯಲ್ಲಿ ಕಾಗದ ಯಾರ ಟೇಬಲ್ಲಿಗೆ ಯಾವತ್ತು ಬಂತು, ಎಲ್ಲಿ ಮಲಗಿತು ಅಂತ ಎಲ್ಲ ಇರುತ್ತದೆ. ಎಷ್ಟೋ ಸಲ ಈ ಅರ್ಜಿ ಬಿದ್ದ ವಾರದಲ್ಲೇ ಮಲಗಿದ ಫೈಲು ಎದ್ದು ಕೂರುತ್ತದೆ. ಮಾಹಿತಿ ಕೊಡದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ.

ಸರ್ಕಾರವೇ ಕೇಳುವಾಗ

ನಾವು ಮನವಿ ಕೊಡುವುದು ಒಂದು. ಸರ್ಕಾರವೇ ‘ಆಕ್ಷೇಪಣೆ ಇದ್ದರೆ ಹೇಳಿ’ ಅನ್ನುವ ಹೊತ್ತೂ ಇರುತ್ತದೆ. ಅದನ್ನು ತಪ್ಪಿಸಿಕೊಂಡು ಆಮೇಲೆ ಧರಣಿ ಕೂರುವವರೇ ಜಾಸ್ತಿ.

ಗಣಿ, ದೊಡ್ಡ ಕಾರ್ಖಾನೆ, ಅಣೆಕಟ್ಟಿನಂಥ ಯೋಜನೆಗಳಲ್ಲಿ ಹೆಚ್ಚಿನವಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಸಭೆ ಕಡ್ಡಾಯ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆ. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಟೆಂಡರ್ ಜಾಹೀರಾತು ಅಂತ ಪುಟ ತಿರುಗಿಸಬೇಡಿ. ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತ್‌ನಂಥ ಕಡೆ ಓದಲು ಸಿಗುತ್ತದೆ, ಸಾರಾಂಶ ಕನ್ನಡದಲ್ಲೂ ಇರಬೇಕು.

ಸಭೆ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ನಡೆಯುತ್ತದೆ. ಇಷ್ಟೇ ಜನ ಇರಬೇಕು ಅನ್ನುವ ಕೋರಂ ಇಲ್ಲ. ಬಹಿಷ್ಕಾರ ಹಾಕಿ ಎದ್ದು ಬಂದರೆ ಸಭೆ ನಿಲ್ಲುವುದಿಲ್ಲ, ನಿಮ್ಮ ಮಾತು ದಾಖಲಾಗುವುದಿಲ್ಲ, ಅಷ್ಟೇ. ಕೂಗಾಡುವ ಮನಸ್ಸಾದರೆ ಕೂಗಾಡಿ, ಆದರೆ ಮೊದಲು ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು ಅಂತ ನಿಯಮವಿದೆ. ಊಟಕ್ಕೆ ಹೊತ್ತಾಯಿತು ಅಂತ ಅದಕ್ಕೆ ಮುಂಚೆ ಎದ್ದು ಬರಬೇಡಿ.

ಮರ ಕಡಿಯುವುದಕ್ಕೂ ಇಂಥದ್ದೇ ಅವಕಾಶ ಇದೆ. ರಸ್ತೆಯಂಥ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಜನರ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆಯಲ್ಲಿ ಪ್ರತಿ ಮರದ ನಂಬರ್, ಜಾತಿ, ಯಾವುದನ್ನು ಉಳಿಸಿಯೂ ರಸ್ತೆ ಮಾಡಬಹುದು ಅಂತ ಬರೆದರೆ ಅದಕ್ಕೆ ಉತ್ತರ ಕೊಡದೆ ಬೇರೆ ದಾರಿ ಇರುವುದಿಲ್ಲ.

ಜನ ಬೀದಿಗಿಳಿಯಲೇಬಾರದು ಅಂತಲ್ಲ. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 800ಕ್ಕೂ ಹೆಚ್ಚು ಮರ ಹೋಗುವುದಿತ್ತು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ರಸ್ತೆ ಬದಿ ಮಾನವ ಸರಪಳಿ ಕಟ್ಟಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅಲ್ಲಿ ಬೀದಿಯೂ ಬೇಕಾಯಿತು, ಕಾಗದವೂ ಬೇಕಾಯಿತು.

ಯಾವುದಕ್ಕೂ ಬಗ್ಗದಿದ್ದರೆ

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2010ರಿಂದ ಇದೆ. ನಮ್ಮ ರಾಜ್ಯ ಚೆನ್ನೈನ ದಕ್ಷಿಣ ಪೀಠಕ್ಕೆ ಸೇರುತ್ತದೆ. ವಕೀಲರಿಲ್ಲದೆ ನೀವೇ ವಾದಿಸಬಹುದು. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಆದರೆ ಗಡುವು ಗಮನಿಸಿ: ತಕರಾರು ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು. ಸಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು. ಮನವಿ ಮೇಲೆ ಮನವಿ ಕೊಡುತ್ತಾ ಕೂತು ಈ ಗಡುವು ದಾಟಿಸಿಕೊಂಡವರನ್ನು ನೋಡಿದ್ದೇನೆ. ಬೆಂಕಿ ಹೊತ್ತಿಕೊಂಡು ಸುದ್ದಿಯಾದ ಬೆಳ್ಳಂದೂರು ಕೆರೆಯ ವಿಷಯದಲ್ಲಿ 2018ರ ಡಿಸೆಂಬರ್‌ನಲ್ಲಿ 500 ಕೋಟಿ ರೂಪಾಯಿ ಪ್ರತ್ಯೇಕ ಖಾತೆಗೆ ಹಾಕಿ ಅಂತ ರಾಜ್ಯಕ್ಕೆ ಹೇಳಿದ್ದು ಇದೇ ನ್ಯಾಯಮಂಡಳಿ. ಅಷ್ಟು ದೂರ ಹೋಗುವ ಮುಂಚೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಒಮ್ಮೆ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ನಮ್ಮ ಕೆರೆಗೆ ಅದೆಲ್ಲ ಬೇಕಾಗಲಿಲ್ಲ. ಗಾಡಿ ಬಂತು. ಎರಡು ಭಾನುವಾರ ತಪ್ಪಿಸಿತು, ಅದನ್ನೂ ಬರೆದು ಕೊಟ್ಟೆವು, ಮತ್ತೆ ಬಂತು. ಬೀದಿದೀಪ ಆದದ್ದು ಮಾತ್ರ ನೆನಪೋಲೆ ಕೊಟ್ಟ ಮೇಲೆ. ಹೂಳಿನ ಮನವಿ ಇನ್ನೂ ಸಣ್ಣ ನೀರಾವರಿ ಮತ್ತು ಪುರಸಭೆ ನಡುವೆ ಓಡಾಡುತ್ತಿದೆ. ಮೊನ್ನೆ ಪಕ್ಕದ ವಾರ್ಡಿನ ಇಬ್ಬರು ಹೆಣ್ಣುಮಕ್ಕಳು ಬಂದು ಆ ಒಂದು ಪುಟದ ಜೆರಾಕ್ಸ್ ಕೇಳಿದರು. ಕೊಟ್ಟೆ. ಸರ್ವೆ ನಂಬರ್ ಬದಲಾಯಿಸೋದು ಮರೀಬೇಡ್ರಮ್ಮ ಅಂದೆ.