ವಿಯೆಟ್ನಾಂಗೆ ಹೋಗ್ತಿದೀರಾ? ಮೊದ್ಲು ಪುಟ್ಟ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂರೋದು ಕಲೀರಿ

ಹೋದ ವರ್ಷ ಅಮ್ಮನ್ನ ಕರ್ಕೊಂಡು ವಿಯೆಟ್ನಾಂಗೆ ಹೋಗಿದ್ದೆ. ಹನ್ನೊಂದು ದಿನ, ಹನೋಯ್, ಹುಯೆ, ಹೋಯ್ ಆನ್, ಕೊನೆಗೆ ಸೈಗಾನ್ (ಈಗಿನ ಹೋ ಚಿ ಮಿನ್ ಸಿಟಿ). ಅಮ್ಮ ಮೊಟ್ಟೆನೂ ಮುಟ್ಟಲ್ಲ, ನಾನು ಸಿಕ್ಕಿದ್ದೆಲ್ಲ ತಿನ್ನೋನು. ಸೂಟ್‌ಕೇಸ್‌ನಲ್ಲಿ ಅರ್ಧ ಜಾಗ ಚಟ್ನಿಪುಡಿ, ಅವಲಕ್ಕಿ, ರೆಡಿಮೇಡ್ ಉಪ್ಪಿಟ್ಟಿನ ಪ್ಯಾಕೆಟ್ಟೇ ತಿಂದಿತ್ತು, ವಾಪಸ್ ಬರುವಾಗ ಅದ್ರಲ್ಲಿ ಮುಕ್ಕಾಲು ಭಾಗ ಹಾಗೇ ಇತ್ತು. ಅದು ಹೇಗೆ ಸಾಧ್ಯ ಅಂತ ನೆಂಟ್ರೆಲ್ಲ ಕೇಳಿ ಕೇಳಿ ಸಾಕಾಯ್ತು, ಅದಕ್ಕೇ ಒಂದೇ ಸಲ ಬರೆದುಬಿಡ್ತೀನಿ. ಹೋಟ್ಲುಗಳ ಲಿಸ್ಟ್ ಮಾತ್ರ ಕೇಳ್ಬೇಡಿ, ನನ್ ಹತ್ರ ಇಲ್ಲ.

ಹೊತ್ತು ನೋಡ್ಕೊಂಡು ತಿನ್ನಿ

ಅಲ್ಲಿ ಒಂದು ಅಂಗಡಿ ಅಂದ್ರೆ ಸಾಮಾನ್ಯವಾಗಿ ಒಂದೇ ಐಟಮ್ಮು, ಅದಕ್ಕೊಂದು ಹೊತ್ತು. ಹನೋಯ್‌ನಲ್ಲಿ ಬೆಳಿಗ್ಗೆ ಆರಕ್ಕೇ ಎದ್ದು ಹಳೇ ಪೇಟೆ ಕಡೆ ನಡೀರಿ, ಫೋ (ಅಕ್ಕಿ ಶ್ಯಾವಿಗೆ ಹಾಕಿದ ಮಾಂಸದ ಸೂಪ್) ಅಂಗಡಿಗಳಲ್ಲಿ ದೊಡ್ಡ ಹಂಡೆ ಕುದೀತಾ ಇರುತ್ತೆ, ಆಫೀಸಿಗೆ ಹೋಗೋರು, ಸ್ಕೂಲ್ ಮಕ್ಕಳು, ಅಜ್ಜಿಯರು ಎಲ್ಲ ಫುಟ್‌ಪಾತ್ ಮೇಲೆ ಮೊಣಕಾಲೆತ್ತರದ ಸ್ಟೂಲ್ ಮೇಲೆ ಕೂತಿರ್ತಾರೆ. ನೀವು ಹೋಟೆಲ್ಲಿನ ಬಫೆ ಮುಗಿಸ್ಕೊಂಡು ಹತ್ತು ಗಂಟೆಗೆ ಹೊರಟ್ರೆ ಎಷ್ಟೋ ಕಡೆ ಹಂಡೆ ತೊಳೀತಿರ್ತಾರೆ, ನಮ್ಮೂರಲ್ಲಿ ತಳ್ಳುಗಾಡಿ ಇಡ್ಲಿ ಹತ್ತು ಗಂಟೆಗೆ ಹುಡುಕಿದ ಹಾಗೆ. ಮಧ್ಯಾಹ್ನ ಆದ್ರೆ ಇದ್ದಿಲ ಹೊಗೆ ಹಿಡ್ಕೊಂಡು ಹೋಗಿ, ಅಲ್ಲಿ ಬುನ್ ಚಾ ಇರುತ್ತೆ, ಅಂದ್ರೆ ಸುಟ್ಟ ಹಂದಿಮಾಂಸ, ಅಕ್ಕಿ ಶ್ಯಾವಿಗೆ, ಒಂದು ಬುಟ್ಟಿ ಸೊಪ್ಪು. (2016ರಲ್ಲಿ ಒಬಾಮಾ ಹನೋಯ್‌ನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ತಿಂದಿದ್ದು ಇದನ್ನೇ, ಆ ಟೇಬಲ್‌ಗೆ ಗಾಜಿನ ಪೆಟ್ಟಿಗೆ ಹಾಕಿ ಇಟ್ಟಿದಾರೆ!)

ಅಂಗಡಿ ಆರಿಸೋದು ಹೇಗೆ ಅಂದ್ರೆ ಒಂದ್ನಿಮಿಷ ನಿಂತು ಟೇಬಲ್‌ಗಳನ್ನ ನೋಡಿ. ಎಲ್ರ ಮುಂದೂ ಒಂದೇ ತಿಂಡಿ ಇದ್ರೆ ಕೂತ್ಕೊಳ್ಳಿ. ಐದು ಭಾಷೆಲಿ ಮೆನು, ಫೋಟೋ, ಬಾಗ್ಲಲ್ಲಿ ನಿಂತು ಕರೆಯೋ ಹುಡುಗ ಇದ್ರೆ ಮುಂದೆ ಹೋಗಿ.

ಫೋ ಬಗ್ಗೆ ಒಂದು ಮಾತು. ಹಳೇ ಕಾಲದಿಂದ ಬಂದಿರೋದು ಅಂದ್ಕೊಂಡಿದ್ದೆ, ಆದ್ರೆ 20ನೇ ಶತಮಾನದ ಶುರುವಲ್ಲಿ ನಾಮ್ ದಿನ್, ಹನೋಯ್ ಕಡೆ ಹುಟ್ಟಿದ್ದಂತೆ. ಉಳೋ ಎತ್ತನ್ನ ಅಲ್ಲಿನೋರು ತಿಂತಿದ್ದಿದ್ದು ಕಮ್ಮಿ, ಫ್ರೆಂಚರು ಬಂದು ಮಾಂಸ ತಿನ್ನೋಕೆ ಶುರು ಮಾಡಿದ್ಮೇಲೆ ಮಿಕ್ಕಿದ ಮೂಳೆನ ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿ, ಈರುಳ್ಳಿ ಹಾಕಿ ಗಂಟೆಗಟ್ಟಲೆ ಕುದಿಸಿ ರಸ ತೆಗೆದ್ರು ಅಂತ ಹೇಳ್ತಾರೆ. ಹನೋಯ್ ಬಟ್ಟಲಲ್ಲಿ ಆಡಂಬರ ಇಲ್ಲ, ಸೈಗಾನ್‌ನಲ್ಲಿ ಮೊಳಕೆಕಾಳು, ತುಳಸಿ ಥರದ ಎಲೆ, ಸಿಹಿ ಸಾಸು ಎಲ್ಲ ಸುರೀತಾರೆ, ಹನೋಯ್ ಜನ ಅದನ್ನ ನೋಡಿ ನಮ್ಮ ಬೆಲ್ಲದ ಸಾಂಬಾರ್ ಕಂಡ ತಮಿಳ್ರ ಹಾಗೆ ಮೂಗು ಮುರೀತಾರೆ. ಮಾತಿಗೆ ಸಿಗೋರಿದ್ರೆ ಯಾವ ಕಡೆ ಫೋ ಚೆನ್ನಾಗಿರುತ್ತೆ ಅಂತ ಕೇಳಿ ನೋಡಿ. ಅರ್ಧ ಗಂಟೆ ನೀವು ಬಾಯಿ ಬಿಡೋದೇ ಬೇಡ.

ಅಕ್ಕ, ಅಣ್ಣ ಅಂತ ಕರೀರಿ

ನನಗೆ ತುಂಬಾ ಹತ್ರ ಅನ್ಸಿದ್ದು ಇದು. ವಿಯೆಟ್ನಾಂ ಭಾಷೆಲಿ ಎದುರಿಗಿರೋರನ್ನ ನೀವು, ನೀನು ಅನ್ನೋ ಬದ್ಲು ವಯಸ್ಸು ನೋಡಿ ಅಕ್ಕ, ಅಣ್ಣ, ಚಿಕ್ಕಪ್ಪ, ಅತ್ತೆ ಅಂತಾನೇ ಅಂತಾರೆ. ಅಂಗಡಿ ಹೆಂಗಸ್ರನ್ನ ಕರೀಬೇಕಾದ್ರೆ 'ಚಿ ಓಯ್', ಗಂಡಸಾದ್ರೆ 'ಆನ್ ಓಯ್'. ಆ 'ಓಯ್' ನಮ್ಮ 'ಓಯ್' ಥರಾನೇ ಕೇಳ್ಸುತ್ತೆ, ಆದ್ರೆ ಅದ್ರಲ್ಲಿ ಒರಟುತನ ಇಲ್ಲ. ಎಕ್ಸ್‌ಕ್ಯೂಸ್ ಮಿ ಅಂದಾಗ ಬರೋ ಮುಖಾನೇ ಬೇರೆ, ಚಿ ಓಯ್ ಅಂದಾಗ ತಿರುಗೋ ಮುಖಾನೇ ಬೇರೆ.

ಇನ್ನೊಂದು, 'ಆನ್ ಕೋಮ್ ಚುವ' ಅಂತ ಕೇಳ್ತಾರೆ, ಅಂದ್ರೆ ಊಟ ಆಯ್ತಾ ಅಂತ. ನಮ್ಮಂಗೇ ಕಣ್ರೀ, ಊಟಕ್ಕೆ ಹಾಕೋಕೆ ಕೇಳೋದಲ್ಲ, ಸುಮ್ನೆ ಮಾತಿಗೆ. ಕೋಮ್ ಅಂದ್ರೆ ಅನ್ನ, ಊಟಾನೂ ಅದೇ. ಯಾರಾದ್ರೂ ಮನೆಗೆ ಊಟಕ್ಕೆ ಕರೆದ್ರೆ ದೊಡ್ಡೋರು ಶುರು ಮಾಡೋವರ್ಗೂ ಕಾಯಿರಿ, ಚಿಕ್ಕೋರು ದೊಡ್ಡೋರಿಗೆ 'ಮೊಯ್', ಅಂದ್ರೆ ಊಟ ಮಾಡಿ ಅಂತ ಹೇಳಿದ್ಮೇಲೇ ತುತ್ತು ಎತ್ತೋದು, ಉತ್ತರದ ಕಡೆ ಇದು ಜಾಸ್ತಿ. ಚಾಪ್‌ಸ್ಟಿಕ್‌ನ ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸ್ಬೇಡಿ, ಸತ್ತೋರಿಗೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತೆ.

ವೆಜ್ ತಿನ್ನೋರು ಇದನ್ನ ಎರಡು ಸಲ ಓದಿ

ಮೊದಲ ದಿನಾನೇ ಎಡವಟ್ಟಾಯ್ತು. ಒಂದು ಅಂಗಡಿಲಿ ಮಾಂಸ ಬೇಡ, ಮೀನು ಬೇಡ ಅಂದೆ, ಅವರು ನಗ್ತಾ ತಲೆ ಆಡಿಸಿ ಟೊಮೇಟೊ ಗ್ರೇವಿಲಿ ತೋಫು ತಂದಿಟ್ರು, ಅಮ್ಮ ಎರಡು ತುತ್ತು ತಿಂದು ಏನೋ ವಾಸ್ನೆ ಕಣೋ ಅಂದ್ರು. ನುವೊಕ್ ಮಾಮ್! ಸಣ್ಣ ಮೀನನ್ನ ಉಪ್ಪಲ್ಲಿ ತಿಂಗಳುಗಟ್ಟಲೆ ಕೊಳೆ ಹಾಕಿ ಇಳಿಸೋ ರಸ, ಅಲ್ಲಿನ ಅಡುಗೆಗೆ ಅದೇ ಉಪ್ಪು, ಹಾಗಾಗಿ ಅದನ್ನ ಮೀನು ಅಂತ ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲ್ಲ. ಅವ್ರದ್ದೇನೂ ತಪ್ಪಿಲ್ಲ, ನಾನು ಕೇಳಿದ್ದೇ ಸರಿ ಇರ್ಲಿಲ್ಲ.

ಕೇಳ್ಬೇಕಾದ ಪದ 'ಚಾಯ್'. ಟೀ ಅಲ್ಲ! ಬೌದ್ಧರ ಸಸ್ಯಾಹಾರ, ಮೀನಿನ ರಸಾನೂ ಇಲ್ದೇ ಮಾಡೋದು. 'ತೊಯ್ ಆನ್ ಚಾಯ್' ಅಂದ್ರೆ ನಾನು ಚಾಯ್ ತಿನ್ನೋದು ಅಂತ. ದನಿ ಏರಿಸ್ದೆ ಇಳಿಸ್ದೆ ಸಮವಾಗಿ ಹೇಳಿ, ಏರಿಸಿದ್ರೆ ಸುಟ್ಟುಹೋಗಿದೆ ಅಂತಾಗುತ್ತೆ, ಕುಗ್ಗಿಸಿ ಕಡಿದ್ರೆ ಓಡು ಅಂತ. ನನ್ ಮಾತು ಕೇಳಿ, ಫೋನಲ್ಲಿ ಬರೆದಿಟ್ಕೊಂಡು ತೋರಿಸ್ಬಿಡಿ. 'ಕೋಮ್ ಚಾಯ್' ಅಂತ ಬೋರ್ಡ್ ಇರೋ ಅಂಗಡಿಗಳಲ್ಲಿ ನೆಮ್ಮದಿಯಾಗಿ ಕೂರಬಹುದು. ಮೊಟ್ಟೆ ಬೇಡ ಅಂದ್ರೆ ಅಲ್ಲೂ ಒಂದ್ಸಲ ಕೇಳಿಬಿಡಿ, ಮತ್ತೆ ಮಾಂಸದ ತುಂಡಿನ ಹಾಗೇ ಕಾಣೋ ಸೋಯಾ ಬರುತ್ತೆ, ಗಾಬರಿ ಆಗ್ಬೇಡಿ (ಅಮ್ಮ ಆದ್ರು).

ಟಿಕೆಟ್ ಬುಕ್ ಮಾಡೋ ಮುಂಚೆ ಪಂಚಾಂಗ ನೋಡಿ, ನಿಜವಾಗ್ಲೂ ಹೇಳ್ತಿದೀನಿ. ಅವರ ಚಾಂದ್ರಮಾನ ತಿಂಗಳ 1ನೇ ದಿನ, 15ನೇ ದಿನ, ಅಂದ್ರೆ ಹೆಚ್ಚುಕಮ್ಮಿ ಅಮಾವಾಸ್ಯೆ ಹುಣ್ಣಿಮೆಗೆ, ತುಂಬಾ ಜನ ಮಾಂಸ ಬಿಟ್ಟು ಚಾಯ್ ತಿಂತಾರೆ. ಆ ದಿನ ಹುಯೆಯಲ್ಲಿರೋ ಹಾಗೆ ಪ್ಲಾನ್ ಮಾಡಿ. 1802ರಿಂದ 1945ರವರೆಗೆ ನ್ಗುಯೆನ್ ರಾಜರು ಆಳಿದ ಊರದು, ಎಲ್ಲಿ ನೋಡಿದ್ರೂ ಬೌದ್ಧ ದೇವಸ್ಥಾನ, ಸಸ್ಯಾಹಾರದಲ್ಲಿ ಅವರ ಕೈ ಬೇರೇನೇ. ಹುಣ್ಣಿಮೆ ದಿನ ಅಮ್ಮ ಅಲ್ಲಿ ಎಲೆಯಲ್ಲಿ ಸುತ್ತಿದ ಕಡುಬಿನಂಥದ್ದು, ಹಲಸಿನಗುಜ್ಜೆ ಸಲಾಡ್, ಹೆಸರುಬೇಳೆ ಪಾಯಸದ ಥರದ 'ಚೆ' ಎಲ್ಲ ತಿಂದು, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ನನ್ನೇ ಬೈದ್ರು.

ಗೊತ್ತಿರೋ ಪಾತ್ರೆಯಿಂದ ಶುರು ಮಾಡಿ

ಹೆಸರು ಗೊತ್ತಾಗ್ದಿದ್ರೆ ಪಾತ್ರೆ ನೋಡಿ. ಸೈಗಾನ್‌ನ ಒಂದು ಗಲ್ಲಿಲಿ ಅಮ್ಮ ನಿಂತಲ್ಲೇ ನಿಂತ್ಬಿಟ್ರು, ಎದುರಿಗೆ ಪಡ್ಡು ಹಂಚು! ಬಾನ್ ಖೋತ್ ಅಂತ, ಅಕ್ಕಿಹಿಟ್ಟು, ತೆಂಗಿನಹಾಲು, ಅರಿಶಿನ, ಮೇಲೊಂದು ಸೀಗಡಿ. ಅಮ್ಮ ಕೈಯಲ್ಲೇ ಸೀಗಡಿ ಬೇಡ ಅಂತ ಸನ್ನೆ ಮಾಡಿ, ಹಿಟ್ಟು ಎಷ್ಟು ತೆಳ್ಳಗಿರ್ಬೇಕು ಅಂತ ಸೌಟು ಎತ್ತಿ ನೋಡಿ, ಆ ಹೆಂಗಸು ನಕ್ಕು ಅಮ್ಮನ ಕೈಗೇ ಸೌಟು ಕೊಟ್ಟು, ಭಾಷೆ ಇಲ್ದೆ ಇಬ್ರೂ ಇಪ್ಪತ್ತು ನಿಮಿಷ ಏನ್ ಮಾತಾಡಿದ್ರೋ ನಂಗಂತೂ ಗೊತ್ತಿಲ್ಲ. ಬಾನ್ ಸೆಯೋ ಅನ್ನೋದು ನಮ್ಮ ದೋಸೆನೇ ಮಡಚಿಟ್ಟ ಹಾಗಿರುತ್ತೆ, ಕಾವಲಿ ಮೇಲೆ ಚುಂಯ್ ಅನ್ನುತ್ತಲ್ಲ, ಆ ಸದ್ದೇ ಅದರ ಹೆಸರು. ಆದ್ರೆ ಹಿಟ್ಟು ಹುಳಿ ಬಂದಿರಲ್ಲ, ತಿನ್ನೋದೂ ಬೇರೆ ಥರ, ಮುರಿದು ಹಸಿ ಸೊಪ್ಪಿನ ಎಲೇಲಿ ಸುತ್ತಿ ಅದ್ದಿ ತಿನ್ಬೇಕು. ಸೊಪ್ಪನ್ನ ಪಕ್ಕಕ್ಕೆ ತಳ್ಳಿದ್ರೆ ಊಟದಲ್ಲಿ ಅರ್ಧ ತಳ್ಳಿದ ಹಾಗೇ.

ಕಾಫಿ, ಮತ್ತೆ ಉಳಿದ ಕುಡಿಯೋದು

ಕಾಫಿ ಬೆಳೆಯೋದ್ರಲ್ಲಿ ಬ್ರೆಜಿಲ್ ಬಿಟ್ರೆ ವಿಯೆಟ್ನಾಂ, ಅದೂ ಬಹುಪಾಲು ರೊಬಸ್ಟಾ. ಅಲ್ಲಿ ಬರ ಬಂದ್ರೆ ಕೊಡಗಿನ ರೊಬಸ್ಟಾ ರೇಟು ಮೇಲಕ್ಕೆ ಹೋಗುತ್ತೆ, 2024ರಲ್ಲಿ ನೋಡಿದ್ವಲ್ಲ. ಅವರ ಫಿಲ್ಟರಿನ ಹೆಸರು ಫಿನ್, ಲೋಟದ ಮೇಲೇ ಕೂರುತ್ತೆ, ಡಿಕಾಕ್ಷನ್ ತೊಟ್ಟುತೊಟ್ಟಾಗಿ ಐದು ನಿಮಿಷ ಇಳಿಯುತ್ತೆ. ಹಸುವಿನ ಹಾಲಿನ ಬಳಕೆ ಇಲ್ದಿದ್ದ ದೇಶ, ಅದಕ್ಕೇ ಕಾಫಿಗೆ ಡಬ್ಬಿಯ ಸಿಹಿ ಗಟ್ಟಿ ಹಾಲು (ಕಂಡೆನ್ಸ್ಡ್ ಮಿಲ್ಕ್). ಹನೋಯ್‌ನಲ್ಲಿ 1946ರಲ್ಲಿ ಹಾಲಿಗೆ ಬರ ಬಂದಾಗ ಮೆಟ್ರೊಪೋಲ್ ಹೋಟೆಲ್ಲಿನ ಬಾರ್‌ಟೆಂಡರ್ ನ್ಗುಯೆನ್ ವಾನ್ ಜಾಂಗ್ ಮೊಟ್ಟೆಯ ಹಳದಿ ಕಡೆದು ಕಾಫಿ ಮೇಲೆ ಹಾಕಿದ್ರು, ಅದೇ ಮೊಟ್ಟೆ ಕಾಫಿ. ಹೇಸಿಗೆ ಅನ್ಸಿತ್ತು ಕೇಳಿದಾಗ, ಕುಡಿದ್ಮೇಲೆ ಇನ್ನೊಂದು ಹೇಳಿದೆ. ಅರ್ಜೆಂಟಲ್ಲಿ ಕಾಫಿ ಕುಡಿಯೋ ಹಾಗಿದ್ರೆ ಹೋಗ್ಲೇಬೇಡಿ, ಕುರ್ಚಿಗಳೆಲ್ಲ ರಸ್ತೆ ಕಡೆ ಮುಖ ಮಾಡಿರ್ತವೆ, ಸುಮ್ನೆ ನೋಡ್ತಾ ಕೂರ್ಬೇಕು.

ಸಂಜೆಗೆ ಬಿಯಾ ಹೋಯ್, ಅವತ್ತವತ್ತಿಗೆ ಬರೋ ತೆಳು ಡ್ರಾಫ್ಟ್ ಬಿಯರ್ರು, ಪಕ್ಕದ ಟೇಬಲ್‌ನವ್ರು 'ಮೋತ್, ಹಾಯ್, ಬಾ, ಜೋ' ಅಂತ ಒಂದೆರಡ್ಮೂರು ಎಣಿಸಿ ಲೋಟ ಎತ್ತಿದಾಗ ನೀವೂ ಎತ್ತಿ. ಕುಡಿಯೋದಿಲ್ಲ ಅನ್ನೋರಿಗೆ ಚಾ ದಾ, ಐಸ್ ಟೀ, ಕೆಲವು ಸಾವಿರ ಡಾಂಗ್ ಅಷ್ಟೇ (ನಮ್ಮ ಒಂದು ರೂಪಾಯಿ ಸುಮಾರು 300 ಡಾಂಗ್, ಸೊನ್ನೆ ನೋಡಿ ಹೆದರ್ಬೇಡಿ). ಕಬ್ಬಿನ ಹಾಲೂ ಇದೆ, ನಿಂಬೆ ಜಾಗದಲ್ಲಿ ಪುಟ್ಟ ಕಿತ್ತಳೆ ಹಿಂಡ್ತಾರೆ.

ಕೊನೇದಾಗಿ, ಒಂದೇ ಅಂಗಡಿಗೆ ಮೂರು ದಿನ ಹೋಗಿ. ದಿನಕ್ಕೊಂದು ಹೊಸದು ಹುಡುಕೋ ಆಸೆ ಇರುತ್ತೆ, ನಂಗೂ ಇತ್ತು. ಹನೋಯ್‌ನಲ್ಲಿ ನಮ್ಮ ರೂಮಿನ ಕೆಳಗೇ ಚಾ ದಾ ಮಾರೋ ಅಜ್ಜಿ ಇದ್ರು, ಮೊದಲ ದಿನ ದುಡ್ಡು ತಗೊಂಡು ಮುಖಾನೂ ನೋಡ್ಲಿಲ್ಲ, ಎರಡನೇ ದಿನ ಅಮ್ಮಂಗೆ ಒಳ್ಳೇ ಸ್ಟೂಲ್ ಎಳೆದು ಕೊಟ್ರು, ಮೂರನೇ ದಿನ ಹೊಟ್ಟೆ ಮುಟ್ಟಿ ತೋರಿಸಿ 'ಆನ್ ಕೋಮ್ ಚುವ' ಅಂದ್ರು. ಅಮ್ಮ ಕನ್ನಡದಲ್ಲೇ, ಆಯ್ತು, ನಿಮ್ಮದಾಯ್ತಾ ಅಂದ್ರು.