ಓಡುವುದನ್ನು ಬಿಟ್ಟ ಮೇಲೆ ಸಿಕ್ಕ ಗೊಕು: ನನ್ನ ಅನುಭವ

2024ರ ಗಣೇಶ ಚತುರ್ಥಿಗೆ ಎರಡು ದಿನ ಇರುವಾಗ ನಮ್ಮ ಟಿಳಕವಾಡಿಯ ಮನೆಯ ಬಾಗಿಲಿಗೆ ಅಂಚೆಯಣ್ಣ ಒಂದು ಪಾರ್ಸೆಲ್ ತಂದ. ಅದರೊಳಗೆ ಇದ್ದದ್ದು ‘ಡ್ರ್ಯಾಗನ್ ಬಾಲ್’ ಎಂಬ ಜಪಾನಿ ಕಾರ್ಟೂನಿನ ನಾಯಕ ಗೊಕು, ಬಂಡಾಯ್ ಸ್ಪಿರಿಟ್ಸ್ ಕಂಪನಿಯ ಎಸ್.ಎಚ್.ಫಿಗುಆರ್ಟ್ಸ್ ಸಾಲಿನ ಸಂಗ್ರಹದ ಗೊಂಬೆ (ನಮ್ಮ ಮಾತಿನಲ್ಲಿ ‘ಫಿಗರ್’). ಅಂಗಡಿಗಳಿಗೆ ಬರುವ ಸಾಮಾನ್ಯ ಗೊಕು ಅಲ್ಲ, ಪ್ರದರ್ಶನಗಳಿಗೆಂದೇ ತಯಾರಿಸುವ ‘ಇವೆಂಟ್ ಎಕ್ಸ್‌ಕ್ಲೂಸಿವ್ ಕಲರ್ ಎಡಿಷನ್’. ಸುಂಕ, ಸಾಗಣೆ, ಕಾರ್ಡಿನ ಕಮಿಷನ್ ಎಲ್ಲ ಸೇರಿ ನನಗೆ ಬಿದ್ದದ್ದು 11 ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಅದನ್ನೇ ಮುಂಬಯಿಯ ಒಬ್ಬ ಮರುಮಾರಾಟಗಾರ 22 ಸಾವಿರಕ್ಕೆ ಕೊಡುತ್ತೇನೆ ಎಂದಿದ್ದ, ಅದೂ ‘ನೀವು ಹಳೆಯ ಗಿರಾಕಿ’ ಎಂಬ ಉಪಕಾರದ ಮಾತಿನೊಂದಿಗೆ. ಬೆಳಗಾವಿಯಲ್ಲಿ ಕುಳಿತು ಇವೆಂಟ್ ಫಿಗರ್ ಹಿಡಿಯುವುದು ಆಗದ ಮಾತು ಎಂದು ನಾಲ್ಕು ವರ್ಷ ನಕ್ಕಿದ್ದ ಪುಣೆಯ ಗೆಳೆಯರಲ್ಲಿ ಇಬ್ಬರು ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಸೋತ ಕಥೆಯನ್ನೇ ಮೊದಲು ಹೇಳಬೇಕು, ಏಕೆಂದರೆ ಹಣ ಹೋದದ್ದು ಅಲ್ಲಿ. 2019ರವರೆಗೆ ನನ್ನ ದಾರಿ ಸುಲಭವಾಗಿತ್ತು. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಕೊಂಡು ಉಡುಗೊರೆಯೆಂದು ಕಳಿಸುತ್ತಿದ್ದ, 5 ಸಾವಿರ ರೂಪಾಯಿಯ ಒಳಗಿನ ಉಡುಗೊರೆಗೆ ಸುಂಕವಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಆ ರಿಯಾಯಿತಿ ಹೋಯಿತು. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು, 2021ರ ಜನವರಿ 1ರಿಂದ ಐಎಸ್‌ಐ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ ಎಂದಾಯಿತು, 2023ರಲ್ಲಿ ಸುಂಕ ಶೇ 70 ಆಯಿತು. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಬರುವುದಕ್ಕೆ ಇದೆಲ್ಲ ಒಳ್ಳೆಯದೇ ಇರಬಹುದು, ನಾನು ಅದನ್ನು ಹಳಿಯುವುದಿಲ್ಲ. ಆದರೆ ಅಲ್ಲಿ ಯಾರೂ ನನ್ನ ಗೊಕುವನ್ನು ಮಾಡುತ್ತಿರಲಿಲ್ಲ.

ಆಗ ಒಂದು ಭಾರತೀಯ ಮಳಿಗೆಯಲ್ಲಿ 2 ಸಾವಿರ ಮುಂಗಡ ಕೊಟ್ಟು ಗೊಕುವಿನ ಎದುರಾಳಿ ವೆಜಿಟಾನನ್ನು ಪ್ರಿ-ಆರ್ಡರ್ ಮಾಡಿದೆ. ಹದಿನಾಲ್ಕು ತಿಂಗಳು ಕಾದೆ. ಕೊನೆಗೆ ‘ನಮಗೆ ಬರಬೇಕಾದ ಪಾಲು ಬರಲಿಲ್ಲ’ ಎಂಬ ಒಂದು ಸಾಲಿನ ಸಂದೇಶ ಬಂತು. ಮುಂಗಡವನ್ನು ಹಣವಾಗಿ ಕೊಡದೆ ಅದೇ ಮಳಿಗೆಯಲ್ಲಿ ಬೇರೆ ಏನಾದರೂ ಕೊಳ್ಳಿರಿ ಎಂದರು. ಕೊಂಡದ್ದು ಎರಡು ಫಿಗರ್ ಸ್ಟ್ಯಾಂಡ್. ಅವುಗಳ ಮೇಲೆ ನಿಲ್ಲಿಸಲು ವೆಜಿಟಾ ಇರಲಿಲ್ಲ.

ನಂತರ ಅಮೆರಿಕದ ಒಂದು ಅಂಗಡಿ ಫಿಗರನ್ನು ಮಾರಾಟಕ್ಕೆ ಬಿಡುವ ಕ್ಷಣಕ್ಕಾಗಿ ಹಟ ಹಿಡಿದು ಕುಳಿತೆ. ಅವರ ಮಧ್ಯಾಹ್ನ 1 ಗಂಟೆ ಎಂದರೆ ಬೇಸಿಗೆಯಲ್ಲಿ ನಮ್ಮ ರಾತ್ರಿ 10.30. ಮೊದಲ ಸಲ ಕಾರ್ಡ್ ಕೈಕೊಟ್ಟಿತು. 2020ರ ಅಕ್ಟೋಬರ್ 1ರಿಂದ ವಿದೇಶಿ ಬಳಕೆಯನ್ನು ನಾವೇ ಚಾಲೂ ಮಾಡಿಕೊಳ್ಳಬೇಕೆಂಬ ನಿಯಮ ನನಗೆ ಗೊತ್ತಿತ್ತು, ಚಾಲೂ ಮಾಡಿಯೂ ಇದ್ದೆ, ಆದರೆ ಅದರ ಮಿತಿ 5 ಸಾವಿರಕ್ಕೇ ನಿಂತಿದ್ದನ್ನು ನೋಡಿರಲಿಲ್ಲ. ಮಿತಿ ಏರಿಸಿ ಮರಳುವುದರೊಳಗೆ, ಸುಮಾರು ನಾಲ್ಕು ನಿಮಿಷದಲ್ಲಿ, ಸರಕು ಮುಗಿದಿತ್ತು. ಎರಡನೆಯ ಸಲ ಹತ್ತೂಕಾಲಿಗೆ ಕರೆಂಟ್ ಹೋಯಿತು. ನಮ್ಮ ಇನ್ವರ್ಟರಿಗೆ ದೀಪ ಮತ್ತು ಫ್ಯಾನಿನ ವೈರ್ ಮಾತ್ರ ಹೋಗಿದೆ, ರೌಟರಿಗೆ ಹೋಗಿಲ್ಲವೆಂಬುದು ಆ ರಾತ್ರಿ ತಿಳಿಯಿತು. ಮೂರನೆಯ ಸಲ ಎಲ್ಲವೂ ಸರಿಯಾಯಿತು, ಹಣ ಹೋಯಿತು, ನಾನು ಮನೆಯವರನ್ನೆಲ್ಲ ಎಬ್ಬಿಸಿ ಹೇಳಿದೆ. ಬೆಳಿಗ್ಗೆ ನೋಡಿದರೆ ಆರ್ಡರ್ ರದ್ದು: ನಾನು ಕೊಟ್ಟದ್ದು ಸರಕು ಮುಂದೆ ಕಳಿಸುವ ಏಜೆನ್ಸಿಯ ವಿಳಾಸ, ಅಂಥ ವಿಳಾಸಕ್ಕೆ ಅವರು ಕಳಿಸುವುದಿಲ್ಲವಂತೆ. ಹಣ ಹನ್ನೊಂದು ದಿನಕ್ಕೆ ಮರಳಿತು, ಡಾಲರಿನ ಏರಿಳಿತದಲ್ಲಿ ಮುನ್ನೂರು ಚಿಲ್ಲರೆ ರೂಪಾಯಿ ಕಡಿಮೆಯಾಗಿ.

ಆ ಸಿಟ್ಟಿನಲ್ಲಿ ಮಾಡಿದ ತಪ್ಪು ಇನ್ನೂ ದೊಡ್ಡದು. ಆನ್‌ಲೈನಿನಲ್ಲಿ ‘ಸೀಲ್ ಒಡೆಯದ ಮಾಲು’ ಎಂದು ಬರೆದಿದ್ದ ಒಬ್ಬ ಮಾರಾಟಗಾರನಿಂದ 6,500 ರೂಪಾಯಿಗೆ ಅದೇ ಫಿಗರ್ ತರಿಸಿದೆ. ಡಬ್ಬಿ ತೆರೆದ ಕೂಡಲೇ ಸೀಮೆಎಣ್ಣೆಯಂಥ ವಾಸನೆ ಬಂತು, ಚರ್ಮದ ಬಣ್ಣ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು, ಡಬ್ಬಿಯ ಮೇಲೆ ಆ ಕಾರ್ಟೂನ್ ತಯಾರಿಸುವ ತೋಯೆ ಕಂಪನಿಯ ಮಿನುಗುವ ಸ್ಟಿಕ್ಕರ್ ಇರಲಿಲ್ಲ. ನಾನು ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಅಳತೆ ಪರೀಕ್ಷಿಸುವ ಕೆಲಸದವನು. ವರ್ನಿಯರ್ ತಂದು ನನ್ನ ಬಳಿ ಮೊದಲೇ ಇದ್ದ ಅಸಲಿ, ಸಾಮಾನ್ಯ ಗೊಕುವಿನ ಜೊತೆ ಹೋಲಿಸಿದೆ. ತೊಡೆ, ಎದೆ, ಮುಂಗೈ ಎಲ್ಲವೂ ಕೂದಲೆಳೆಯಷ್ಟು ಸಣ್ಣವು, ಒಟ್ಟು ಎತ್ತರದಲ್ಲಿ ಎರಡು ಮಿಲಿಮೀಟರಿನಷ್ಟು ಕಡಿಮೆ. ಅಸಲಿ ತುಂಡಿನಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ ಹೀಗೇ ಆಗುತ್ತದೆ. ನಮ್ಮ ಊರಿನ ಫೌಂಡ್ರಿಯವರು ಪ್ಯಾಟರ್ನ್ ಮಾಡುವಾಗ ಶ್ರಿಂಕೇಜಿಗೆಂದು, ಅಂದರೆ ಎರಕ ಆರುವಾಗ ಕುಗ್ಗುವುದಕ್ಕೆಂದು, ಅಳತೆ ಹೆಚ್ಚಿಟ್ಟುಕೊಳ್ಳುತ್ತಾರೆ, ನಕಲಿ ಮಾಡುವವನಿಗೆ ಆ ವ್ಯವಧಾನ ಇರುವುದಿಲ್ಲ. ಅಂದಿನಿಂದ ಅನುಮಾನ ಬಂದರೆ ನಾನು ಸ್ಟಿಕ್ಕರಿಗಿಂತ ಮೊದಲು ವರ್ನಿಯರನ್ನು ನಂಬುತ್ತೇನೆ. ಸ್ಟಿಕ್ಕರನ್ನೂ ಈಗ ನಕಲು ಮಾಡುತ್ತಾರೆ.

ಇಷ್ಟಾದ ಮೇಲೆ ಕೊಳ್ಳುವುದನ್ನು ನಿಲ್ಲಿಸಿ, ಸುಮಾರು ಒಂದೂವರೆ ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಜಪಾನಿನ ಮರುಮಾರಾಟದ ಬೆಲೆಗಳನ್ನು ಮಾತ್ರ ಬರೆಯುತ್ತ ಹೋದೆ. ಆರು ಫಿಗರ್, ವಾರಕ್ಕೆರಡು ಸಲ. ಕೈಗೆ ಬಂದ ಚಿತ್ರ ಇಷ್ಟು: 7 ಸಾವಿರ ಚಿಲ್ಲರೆ ಯೆನ್ ಮೂಲ ಬೆಲೆಯದು ಮಾರಾಟವಾದ ದಿನವೇ 15 ಸಾವಿರಕ್ಕೆ ಏರುತ್ತದೆ, ಮಾಲು ಎಲ್ಲರ ಮನೆ ಸೇರಿದ ಎರಡನೆಯ, ಮೂರನೆಯ ವಾರದಲ್ಲಿ 9 ಸಾವಿರದ ಆಸುಪಾಸಿಗೆ ಇಳಿಯುತ್ತದೆ, ನಂತರ ಮೂರ್ನಾಲ್ಕು ತಿಂಗಳಲ್ಲಿ ಮತ್ತೆ ಏರಿ ಅಲ್ಲಿಯೇ ನಿಲ್ಲುತ್ತದೆ. ಲಾಭಕ್ಕೆಂದು ಮೂರು ಮೂರು ಹಿಡಿದಿದ್ದ ಬ್ಲ್ಯಾಕ್‌ನವರಿಗೆ ಆ ಹೊತ್ತಿಗೆ ಕಾರ್ಡಿನ ಬಿಲ್ಲು ಬಂದಿರುತ್ತದೆ ಎಂಬುದು ನನ್ನ ಊಹೆ. ಆರರಲ್ಲಿ ನಾಲ್ಕು ಹೀಗೆ ನಡೆದವು. ಒಂದು ಇಳಿಯಲೇ ಇಲ್ಲ. ಇನ್ನೊಂದರ ಮರುಬಿಡುಗಡೆಯ ಘೋಷಣೆ ನಡುವೆ ಬಂದು ಬೆಲೆ ಅರ್ಧಕ್ಕೆ ಬಿತ್ತು. ಅದನ್ನು ಹಿಂದಿನ ವಾರವಷ್ಟೇ ಕೊಂಡಿದ್ದ ನಿಪ್ಪಾಣಿಯ ಗೆಳೆಯ ಈಗಲೂ ಆ ಮಾತು ಎತ್ತಿದರೆ ಎದ್ದು ಹೋಗುತ್ತಾನೆ.

ಬಂಡಾಯ್‌ನವರದೇ ಆನ್‌ಲೈನ್ ಮಳಿಗೆಯಾದ ಪ್ರೀಮಿಯಂ ಬಂಡಾಯ್‌ನ ಗಡುವಿನ ಆರ್ಡರುಗಳ ಮಾತು ಬೇರೆ. ಅಲ್ಲಿ ಗಡುವಿನೊಳಗೆ ಕೇಳಿದವರಿಗಾಗಿಯೇ ತಯಾರಿಸುವುದು ಹೆಚ್ಚು; ಜಪಾನಿನ ಸಂಜೆ 4ಕ್ಕೆ, ಅಂದರೆ ನಮ್ಮ ಮಧ್ಯಾಹ್ನ 12.30ಕ್ಕೆ, ಊಟ ಬಿಟ್ಟು ಫೋನ್ ಹಿಡಿದು ಕೂಡುವ ಅಗತ್ಯ ಅಂಥವುಗಳಿಗೆ ಇಲ್ಲ. ಮೊದಲ ಸುತ್ತು ಮುಗಿದು ಎರಡನೆಯ ಸುತ್ತು ತೆರೆದರೂ ಮಾಲು ಎರಡು ಮೂರು ತಿಂಗಳು ತಡವಾಗಿ ಬರುತ್ತದೆ, ಅಷ್ಟೇ. ಇದನ್ನು ತಿಳಿಯದೆ ಮೊದಲ ದಿನವೇ ದುಪ್ಪಟ್ಟು ಕೊಟ್ಟವರನ್ನು ನಮ್ಮಲ್ಲಿಯೇ ಮೂವರನ್ನು ಬಲ್ಲೆ.

ಪ್ರಾಕ್ಸಿಯ, ಅಂದರೆ ಜಪಾನಿನಲ್ಲಿ ನಮ್ಮ ಪರವಾಗಿ ಕೊಂಡು ಕಳಿಸುವ ಏಜೆನ್ಸಿಯ, ಮೂಲಕ ತರಿಸುವ ಮೊದಲ ಪ್ರಯತ್ನವೂ ನೆಟ್ಟಗಾಗಲಿಲ್ಲ. ಸಾಗಣೆ ಉಳಿಯುತ್ತದೆಂದು ನಾಲ್ವರು ಸೇರಿ, ಒಂದೇ ಪೆಟ್ಟಿಗೆಯಲ್ಲಿ, ನನ್ನ ಹೆಸರಿಗೆ ಒಂಬತ್ತು ಫಿಗರ್ ತರಿಸಿದೆವು. ಅದರಲ್ಲಿ ಎರಡು ಜೋಡಿಗಳು ಒಂದೇ ಫಿಗರ್. ಇದು ವ್ಯಾಪಾರದ ಮಾಲು, ಐಎಸ್‌ಐ ಗುರುತು ಕೊಡುವ ಬಿಐಎಸ್‌ನ ಪ್ರಮಾಣಪತ್ರ ಎಲ್ಲಿದೆ ಎಂದು ಕಸ್ಟಮ್ಸ್‌ನವರ ಪ್ರಶ್ನೆ ಬಂತು. ಉತ್ತರ ಇರಲಿಲ್ಲ. ಪೆಟ್ಟಿಗೆ ಜಪಾನಿಗೆ ಮರಳಿತು, ಹೋಗಿ ಬರುವ ಖರ್ಚು 5,600 ರೂಪಾಯಿ ನನ್ನ ತಲೆಗೆ ಬಂತು. ಉಳಿದ ಮೂವರು ತಮ್ಮ ಪಾಲು ಕೊಟ್ಟರು, ಆದರೆ ಒಬ್ಬರು ಕೊಡಲು ಏಳು ತಿಂಗಳು ತೆಗೆದುಕೊಂಡರು. ಈಗ ಯಾರ ಮಾಲು ಅವರ ಹೆಸರಿಗೆ, ಅವರ ಗುರುತಿನ ಚೀಟಿಗೆ, ಒಂದು ಫಿಗರ್‌ಗೆ ಒಂದೇ ಪ್ರತಿ.

ಅದೇ ಸಂದರ್ಭದಲ್ಲಿ, ಐಎಸ್‌ಐ ಗುರುತು ಕಡ್ಡಾಯ ಮಾಡಿದ ಆಟಿಕೆ ಆದೇಶವನ್ನು ಕುಳಿತು ಓದಿದೆ. ಅದು ಹೇಳುವ ಆಟಿಕೆ 14 ವರ್ಷದೊಳಗಿನ ಮಕ್ಕಳು ಆಡುವುದಕ್ಕೆ ಉದ್ದೇಶಿಸಿದ್ದು. ಫಿಗುಆರ್ಟ್ಸ್ ಡಬ್ಬಿಯ ಮೇಲೆ ಬಂಡಾಯ್ ಸ್ಪಿರಿಟ್ಸ್‌ನವರೇ 15 ವರ್ಷ ಮತ್ತು ಮೇಲ್ಪಟ್ಟವರಿಗೆ ಎಂದು ಅಚ್ಚು ಹಾಕಿರುತ್ತಾರೆ. ಅಂದಿನಿಂದ ಡಬ್ಬಿಯ ಆ ಬದಿಯ ಫೋಟೊ, ಹಣ ಕೊಟ್ಟ ರಸೀತಿ, ಯೆನ್ ಮತ್ತು ರೂಪಾಯಿ ಎರಡರಲ್ಲೂ ಬರೆದ ನಿಜವಾದ ಬೆಲೆ, ಇವು ಮೂರನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಪೆಟ್ಟಿಗೆಯ ಹೊರಗಿನ ಪ್ಲಾಸ್ಟಿಕ್ ಚೀಲದಲ್ಲಿ ಇಡಿಸುತ್ತೇನೆ. ಆಮೇಲೆ ಬಂದ ಐದು ಪಾರ್ಸೆಲ್ಲುಗಳಲ್ಲಿ ಒಂದಕ್ಕೂ ಪ್ರಶ್ನೆ ಬಂದಿಲ್ಲ. ಬೆಲೆ ಕಡಿಮೆ ತೋರಿಸುವ ಬುದ್ಧಿವಂತಿಕೆ ಬೇಡ. ಸಿಕ್ಕಿಬಿದ್ದರೆ ಕಸ್ಟಮ್ಸ್‌ನವರು ಹಾಕುವ ಬೆಲೆ ಮುಂಬಯಿಯ ಮರುಮಾರಾಟಗಾರನದಕ್ಕಿಂತ ಕಡಿಮೆ ಇರುವುದಿಲ್ಲ.

ಗೊಕುವಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೇ ಕೊನೆಯಲ್ಲಿ ಕೊಂಡಾಗ ಒಂದು ಯೆನ್ನಿಗೆ 53 ಪೈಸೆಯ ಸುಮಾರು ಇತ್ತು. ಫಿಗರ್ 9 ಸಾವಿರ ಯೆನ್, ಅಂದರೆ 4,800 ರೂಪಾಯಿ. ಪ್ರಾಕ್ಸಿಯ ಶುಲ್ಕ ಮತ್ತು ಜಪಾನಿನೊಳಗಿನ ಸಾಗಣೆ 500 ಚಿಲ್ಲರೆ, ಹಡಗಿನ ಅಂಚೆಯಲ್ಲಿ ಇದರ ಪಾಲು 600, ಕಾರ್ಡಿನವರಿಗೆ 250. ಆಗ ಸ್ವಂತ ಬಳಕೆಗೆ ಅಂಚೆಯಲ್ಲಿ ಬರುವ ವಸ್ತುವಿಗೆ ಶೇ 35 ಮೂಲ ಸುಂಕ, ಆ ಸುಂಕದ ಮೇಲೆ ಶೇ 10 ಸರ್ಚಾರ್ಜ್, ಎಲ್ಲದರ ಮೇಲೆ ಶೇ 28 ಐಜಿಎಸ್‌ಟಿ, ಕೂಡಿಸಿದರೆ ಶೇ 77ರ ಮೇಲೆ: 4,500 ರೂಪಾಯಿ. ಸುಂಕವನ್ನು ಮೊದಲೇ ಫಿಗರಿನ ಬೆಲೆಗೆ ಸೇರಿಸಿಕೊಂಡು ನೋಡುವುದನ್ನು ಕಲಿತ ಮೇಲೆ ನನಗೆ ಬೇಡವೆನ್ನಿಸಿದ ಫಿಗರುಗಳೇ ಹೆಚ್ಚು.

ಡಬ್ಬಿಯ ವಿಷಯದಲ್ಲಿ ನಮ್ಮವರ ಮಡಿವಂತಿಕೆ ನನಗೆ ಒಪ್ಪಿಗೆಯಿಲ್ಲ. ಜಪಾನಿನ ಅಮಿಅಮಿಯಂಥ ಅಂಗಡಿ ಬಳಸಿದ ಮಾಲಿನಲ್ಲಿ ವಸ್ತುವಿಗೆ ಬೇರೆ, ಡಬ್ಬಿಗೆ ಬೇರೆ ಗ್ರೇಡ್ ಕೊಡುತ್ತದೆ. ವಸ್ತು ಎ, ಡಬ್ಬಿ ಬಿ ಇದ್ದದ್ದನ್ನು ಆರಿಸಿದರೆ ಸಾವಿರ, ಒಂದೂವರೆ ಸಾವಿರ ಯೆನ್ ಉಳಿಯುತ್ತದೆ. ಜಪಾನಿನವರು ಬಿ ಎಂದು ಬರೆಯುವ ಮೂಲೆಯ ತಗ್ಗನ್ನು ನಾನು ಕನ್ನಡಕ ಹಾಕಿಕೊಂಡು ಹುಡುಕಬೇಕಾಗುತ್ತದೆ, ಮತ್ತು ಅದಕ್ಕಿಂತ ದೊಡ್ಡ ತಗ್ಗು ದಾರಿಯಲ್ಲಿ ಹೇಗೂ ಬೀಳುತ್ತದೆ.

ಹಡಗಿನ ಅಂಚೆ ಅಗ್ಗ, ಆದರೆ ಎರಡೂವರೆ ಮೂರು ತಿಂಗಳು ಮುಚ್ಚಿದ ಬ್ಲಿಸ್ಟರಿನಲ್ಲಿ ಬೆಂದು ಬಂದ ಪಿವಿಸಿ ಕೈಗೆ ಅಂಟುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಅದು ಇನ್ನೂ ಹೆಚ್ಚು. ಮೊದಮೊದಲು ಟಾಲ್ಕಂ ಪೌಡರ್ ಹಚ್ಚಿ ನೋಡಿದೆ. ಗೊಕುವಿನ ಕೂದಲ ಸಂದಿಯಲ್ಲಿ ಅದು ಬೂದಿಯಂತೆ ಉಳಿಯಿತು. ಉಗುರುಬೆಚ್ಚನೆಯ ನೀರು, ಒಂದು ಹನಿ ಪಾತ್ರೆಯ ಸೋಪು, ಮೃದುವಾದ ಹಲ್ಲುಜ್ಜುವ ಬ್ರಷ್, ನಂತರ ಎರಡು ದಿನ ಗಾಳಿಗೆ ಬಿಡುವುದು, ಇದಿಷ್ಟು ಸಾಕು. ಬಿಸಿಲಿಗೆ ಇಡಬಾರದು, ಬಿಳಿಯ ಭಾಗ ಹಳದಿಯಾಗುತ್ತದೆ. ಗೊಕುವಿನ ಜೊತೆ ತರಿಸಿದ್ದ ಅದೇ ಕಾರ್ಟೂನಿನ ಹಳೆಯ ಪಿಕೊಲೊ ಫಿಗರಿನ ಮಣಿಕಟ್ಟಿನ ಗೂಟ ಮುರಿದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಶಾಪಿನ ಚಿಕ್ಕ ಲೇತಿನ ಮೇಲೆ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತುಂಡಿನಿಂದ ಮೂರು ಮಿಲಿಮೀಟರಿನ ಗೂಟ ತಿರುವಿದೆ. ಮೊದಲನೆಯದು ಬಿಗಿಯಾಗಿ ಮುಂಗೈಯೇ ಸೀಳಿತು, ನಾಲ್ಕನೆಯದು ಕೂತಿತು. ಸೀಳಿದ್ದನ್ನು ಅಂಟಿಸಿದ ಗೆರೆ ನನಗೆ ಮಾತ್ರ ಕಾಣುತ್ತದೆ. ಫೋರ್‌ಮನ್ ಕಾಕಾ ನೋಡಿ, “ಏನೋ ತಮ್ಮಾ, ಗೊಂಬಿಗೂ ಟಾಲರನ್ಸ್ ಇಟ್ಟಿಯೇನು?” ಎಂದರು.

ಪ್ರಾಕ್ಸಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹತ್ತು ಜನ ಒಟ್ಟಿಗೆ ಹೋದರೆ ಅವರ ಉಚಿತ ದಾಸ್ತಾನಿನ ದಿನಗಳು ಕಡಿಮೆಯಾಗುವುದನ್ನು ಒಮ್ಮೆ ನೋಡಿದ್ದೇನೆ. ಹರಾಜಿನಲ್ಲಿ ನಾನು ಹುಡುಕುವ ಪದವನ್ನೂ ಹೇಳುವುದಿಲ್ಲ. ಅವಸರದಲ್ಲಿ ಮಾರುವವರು ಜಪಾನಿ ಅಕ್ಷರಗಳಲ್ಲಿ ಫಿಗರಿನ ಹೆಸರನ್ನು ಒಂದು ರೀತಿಯಲ್ಲಿ ತಪ್ಪು ಬರೆಯುತ್ತಾರೆ, ಅಂಥ ಹರಾಜಿಗೆ ಬೇರೆಯವರು ಬರುವುದು ಕಡಿಮೆ ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಸುಂಕ ಕೊಟ್ಟು ಪಾರ್ಸೆಲ್ ಬಿಡಿಸಿಕೊಂಡ ದಿನ ಅವ್ವ ಬಾಗಿಲಲ್ಲೇ ನಿಂತು ರಸೀತಿ ಓದಿದಳು. “ಅಲ್ಲೋ, ಗೊಂಬಿಗಿಂತ ಅದರ ಪಟ್ಟಿನೇ ಜಾಸ್ತಿ ಆತಲ್ಲೋ?” ಎಂದು ಕೇಳಿದಳು. ಹೆಚ್ಚುಕಡಿಮೆ ಸರಿಯಾದ ಲೆಕ್ಕವೇ. ಆಮೇಲೆ ಶೋಕೇಸಿನಲ್ಲಿ ಗೋಕಾಕದ ಕಟ್ಟಿಗೆಯ ಹಣ್ಣುಗಳನ್ನು ಒಂದು ಬದಿಗೆ ಸರಿಸಿ ಗೊಕುವಿಗೆ ಜಾಗ ಮಾಡಿದಳು. ನೋಟ್‌ಬುಕ್ಕಿನಲ್ಲಿ ಈಗ ಏಳನೆಯ ಫಿಗರ್ ನಡೆಯುತ್ತಿದೆ, ಎರಡನೆಯ ವಾರ, 10,400 ಯೆನ್. ಅದು ಯಾವುದೆಂದು ನಿಪ್ಪಾಣಿಯ ಗೆಳೆಯ ಎರಡು ಸಲ ಕೇಳಿದ್ದಾನೆ; ಪಾರ್ಸೆಲ್ ಬಂದ ಮೇಲೆ ಹೇಳುತ್ತೇನೆ ಎಂದಿದ್ದೇನೆ.