ಟ್ಯಾಂಕ್ ಮಾಡೆಲ್‌ಗೆ ಬಣ್ಣ, ಜಂಗು, ರಾಡಿ: ನಮ್ಮ ಬಿಸಿಲು ಮಳೆಗೆ ಹೊಂದುವ ಕ್ರಮ

1/35 ಅಳತೆಯ (ನಿಜವಾದದ್ದಕ್ಕಿಂತ 35 ಪಟ್ಟು ಚಿಕ್ಕ) ಪ್ಲಾಸ್ಟಿಕ್ ಟ್ಯಾಂಕ್ ಮಾಡೆಲ್ ಕೆಡುವುದು ಹೆಚ್ಚಾಗಿ ಪದರಗಳ ಕ್ರಮ ತಪ್ಪಿದಾಗ. ಮೇಲಿನ ಪದರದ ತಿನ್ನರ್ (ಬಣ್ಣ ತೆಳುಮಾಡುವ ದ್ರವ) ಕೆಳಗಿನದನ್ನು ಕರಗಿಸಬಾರದು, ಅಷ್ಟೇ ಸೂತ್ರ. ಒಣಗಿದ ಅಕ್ರಿಲಿಕ್ ಮೇಲೆ ಟರ್ಪಂಟೈನ್‌ನಲ್ಲಿ ಕಲಸಿದ ಆಯಿಲ್ ಕಲರ್ ಹಚ್ಚಿ, ಬೇಡವೆನಿಸಿದರೆ ಒರೆಸಿ ತೆಗೆಯಬಹುದು. ಅಡಿಯ ಬಣ್ಣಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಉದಾಹರಣೆಗೆ 1965ರ ಭಾರತ-ಪಾಕ್ ಯುದ್ಧದ ಅಸಲ್ ಉತ್ತರ್ ಕದನದಲ್ಲಿದ್ದ ಭಾರತೀಯ ಸೆಂಚೂರಿಯನ್ ಟ್ಯಾಂಕ್ ಇಟ್ಟುಕೊಳ್ಳೋಣ.

ಮೊದಲು ಭಾಗಗಳನ್ನೆಲ್ಲ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಂದ ಜಿಡ್ಡು ಉಳಿದರೆ ಬಣ್ಣ ಮಾಸ್ಕಿಂಗ್ ಟೇಪ್ ಜೊತೆಗೇ ಎದ್ದು ಬರುತ್ತದೆ. ನಂತರ ಬೂದು ಪ್ರೈಮರ್ (ಬಣ್ಣ ಹಿಡಿಯಲು ಹಾಕುವ ಮೊದಲ ಪದರ), ತೆಳುವಾಗಿ.

ಮೂಲ ಬಣ್ಣಕ್ಕೆ ತಮಿಯಾ ಕಂಪನಿಯ ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್ (ಮಾಸಲು ಹಸಿರು) ಒಳ್ಳೆಯ ಆರಂಭ. ಹಾಗೇ ಹೊಡೆದರೆ ಚಿಕ್ಕ ಮಾಡೆಲ್ ಕಪ್ಪಾಗಿ ಕಾಣುತ್ತದೆ. ಹತ್ತು ಹನಿ ಬಣ್ಣಕ್ಕೆ ಒಂದೆರಡು ಹನಿ ಎಕ್ಸ್‌ಎಫ್-57 ಬಫ್ (ತಿಳಿ ಮಣ್ಣಿನ ಬಣ್ಣ) ಸೇರಿಸಿ. ಮೇಲ್ಭಾಗದ ತಗಡುಗಳಿಗೆ ಇನ್ನೊಂದು ಹನಿ ಹೆಚ್ಚು. ಏರ್‌ಬ್ರಷ್‌ಗೆ (ಗಾಳಿಯಿಂದ ಬಣ್ಣ ಚಿಮ್ಮಿಸುವ ಸಾಧನ) 0.3 ಮಿ.ಮೀ. ನಳಿಕೆ, ಸುಮಾರು 15 ಪಿಎಸ್‌ಐ ಒತ್ತಡ, ಬಣ್ಣಕ್ಕೂ ಎಕ್ಸ್-20ಎ ತಿನ್ನರ್‌ಗೂ ಸಮಪಾಲು. ಬ್ರಷ್‌ನಿಂದಲೇ ಹಚ್ಚುವವರು ತಮಿಯಾ ಬಿಟ್ಟು ವಲ್ಲೆಹೋದಂಥ ನೀರಿನ ಬಣ್ಣ ಹಿಡಿಯಿರಿ. ತಮಿಯಾ ಅಕ್ರಿಲಿಕ್‌ನಲ್ಲಿರುವ ಆಲ್ಕೋಹಾಲ್ ಎರಡನೇ ಕೈ ಹಚ್ಚುವಾಗ ಮೊದಲನೆಯದನ್ನು ಕಿತ್ತುಕೊಂಡು ಬರುತ್ತದೆ.

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಈ ಸಮಪಾಲು ನಡೆಯುವುದಿಲ್ಲ. ಒಣ ಬಿಸಿಗಾಳಿಗೆ ಹನಿ ಹಾರುವಾಗಲೇ ಒಣಗಿ, ತಗಡಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಒರಟಾಗಿ ಕೂರುತ್ತದೆ. ಬಣ್ಣ ಒಂದು ಪಾಲಿಗೆ ತಿನ್ನರ್ ಎರಡು ಪಾಲು ಮಾಡಿ, ಒಂದೆರಡು ಹನಿ ರಿಟಾರ್ಡರ್ (ಒಣಗುವುದನ್ನು ತಡಮಾಡುವ ದ್ರವ) ಹಾಕಿ, 8 ಸೆಂ.ಮೀ. ಹತ್ತಿರದಿಂದ, ಬೆಳಗಿನ ತಂಪಿನಲ್ಲಿ ಹೊಡೆಯಿರಿ. ಬೆಳಗಾವಿಯ ಜುಲೈ ತಿಂಗಳ ತೊಂದರೆ ಇದಕ್ಕೆ ಉಲ್ಟಾ. ಲ್ಯಾಕರ್ (ಬೇಗ ಆರುವ, ಕಟು ದ್ರಾವಕದ) ವಾರ್ನಿಷ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬು ಕಟ್ಟುತ್ತದೆ. ಮಳೆ ಹಿಡಿದ ದಿನ ಲ್ಯಾಕರ್ ಮುಟ್ಟಬೇಡಿ, ಅಕ್ರಿಲಿಕ್ ವಾರ್ನಿಷ್ ಸಾಕು. ಎಲ್ಲೇ ಇರಲಿ, ಕಿಟಕಿ ತೆರೆದಿರಬೇಕು, ಮೂಗಿಗೆ ಮಾಸ್ಕ್ ಇರಬೇಕು, ಹತ್ತಿರ ಒಲೆ ಇರಬಾರದು.

ಬಣ್ಣ ಕಿತ್ತ ಗುರುತು ಬೇಕಿದ್ದರೆ ಮೂಲ ಬಣ್ಣಕ್ಕೂ ಮೊದಲೇ ಯೋಚಿಸಬೇಕು. ಪ್ರೈಮರ್ ಮೇಲೆ ಎಕ್ಸ್‌ಎಫ್-64 ಕೆಂಗಂದು ಹೊಡೆದು, ವಾರ್ನಿಷ್‌ನಿಂದ ಭದ್ರಪಡಿಸಿ, ಹೇರ್‌ಸ್ಪ್ರೇ ಎರಡು ತೆಳು ಕೈ ಹೊಡೆಯಿರಿ. ಅದು ಒಣಗಿದ ಮೇಲೆ ಹಸಿರು ಮೂಲ ಬಣ್ಣ. ಆಮೇಲೆ ಒಂದು ಗಂಟೆಯೊಳಗೆ ನೀರು ಸವರಿ ಗಟ್ಟಿ ಬ್ರಷ್‌ನಿಂದ ತಿಕ್ಕಿದರೆ ಬಣ್ಣ ಚೂರು ಚೂರಾಗಿ ಏಳುತ್ತದೆ. ರಾತ್ರಿಯಿಡೀ ಬಿಟ್ಟರೆ ಏಳಿಸುವುದು ಕಷ್ಟ. ಹೇರ್‌ಸ್ಪ್ರೇ ದಪ್ಪಗೆ ಹೊಡೆದರೆ ಬಣ್ಣ ದೊಡ್ಡ ಚಕ್ಕೆಗಳಾಗಿ ಬರುತ್ತದೆ. ಗುರುತು ಇರಬೇಕಾದದ್ದು ಸೈನಿಕರು ಹತ್ತಿಳಿಯುವ ಜಾಗ, ಹ್ಯಾಚ್ (ಒಳಗಿಳಿಯುವ ಬಾಗಿಲು) ಅಂಚು, ಫೆಂಡರ್ (ಚಕ್ರಗಳ ಮೇಲಿನ ತಗಡು) ತುದಿಗಳಲ್ಲಿ. ಮೈತುಂಬ ಕಿತ್ತಳೆ ಜಂಗು ಹಚ್ಚಿದರೆ ಅದು ಯುದ್ಧದ ಟ್ಯಾಂಕ್ ಅನ್ನಿಸುವುದಿಲ್ಲ, ಗುಜರಿ ಅನ್ನಿಸುತ್ತದೆ. ಗಾಢ ಜಂಗಿಗೆ ಸರಿಯಾದ ಜಾಗ ಸೈಲೆನ್ಸರ್.

ಈಗ ಎಕ್ಸ್-22 ಕ್ಲಿಯರ್ (ಹೊಳಪಿನ ವಾರ್ನಿಷ್) ಹೊಡೆದು ಒಂದು ದಿನ ಬಿಡಿ. ಮ್ಯಾಟ್ (ಹೊಳಪಿಲ್ಲದ) ಮೇಲ್ಮೈ ಮೇಲೆ ಡಿಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿಹ್ನೆ) ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕು ಬೆಳ್ಳಿಯಂತೆ ಹೊಳೆಯುತ್ತದೆ, ವಾಷ್ (ಸಂದುಗಳಿಗೆ ಇಳಿಸುವ ತೆಳು ಗಾಢ ಬಣ್ಣ) ಕೂಡ ಕಲೆಯಾಗಿ ಹರಡುತ್ತದೆ. ವಾಷ್‌ಗೆ ಬರ್ನ್ಟ್ ಅಂಬರ್ (ಗಾಢ ಕಂದು) ಆಯಿಲ್ ಕಲರ್, ಚೂರು ಕಪ್ಪು. ಅದನ್ನು ಒಂದು ಗಂಟೆ ರಟ್ಟಿನ ಮೇಲಿಟ್ಟರೆ ಅಗಸೆ ಎಣ್ಣೆಯನ್ನು ರಟ್ಟು ಹೀರುತ್ತದೆ, ಬಣ್ಣ ಬೇಗ ಆರಿ ಹೊಳಪಿಲ್ಲದೆ ಕೂರುತ್ತದೆ. ವಾಸನೆಯಿಲ್ಲದ ಟರ್ಪಂಟೈನ್‌ನಲ್ಲಿ ತೆಳುವಾಗಿ ಕಲಸಿ, ಸಣ್ಣ ಬ್ರಷ್‌ನಿಂದ ಬೋಲ್ಟ್, ವೆಲ್ಡಿಂಗ್, ತಗಡಿನ ಸಂದುಗಳಿಗೆ ಮಾತ್ರ ಮುಟ್ಟಿಸಿ. ಇಪ್ಪತ್ತು ನಿಮಿಷದ ನಂತರ ಹೆಚ್ಚಾದದ್ದನ್ನು ಅದೇ ಟರ್ಪಂಟೈನ್‌ನಲ್ಲಿ ತುಸು ಒದ್ದೆ ಮಾಡಿದ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಮಳೆನೀರು ಇಳಿದ ಗೆರೆ ತಾನೇ ಮೂಡುತ್ತದೆ. ಚಕ್ರದ ಅಚ್ಚುಗಳ ಹತ್ತಿರ ತಿನ್ನರ್ ನಿಲ್ಲಲು ಬಿಡಬೇಡಿ. ಬಣ್ಣ ಹಚ್ಚದ ಪ್ಲಾಸ್ಟಿಕ್‌ಗೆ ಅದು ಇಳಿದರೆ, ಬಿಗಿಯಾಗಿ ಕೂತ ಭಾಗ ಬಿರುಕು ಬಿಟ್ಟು ಮುರಿಯುತ್ತದೆ.

ಇದೆಲ್ಲ ಆರಿದ ಮೇಲೆ ಮ್ಯಾಟ್ ವಾರ್ನಿಷ್. ಹೊಳಪಿನ ಮೇಲೆ ಧೂಳು ಹಿಡಿಯುವುದಿಲ್ಲ.

ಮಣ್ಣಿನ ವಿಷಯದಲ್ಲಿ ನಮ್ಮವರಿಗೆ ಒಂದು ಸೆಳೆತ: ಹೊಲದ ಎರೆಮಣ್ಣನ್ನೇ ತಂದು ಮೆತ್ತುವುದು. ಎರೆಮಣ್ಣು ಒಣಗುವಾಗ ಕುಗ್ಗುತ್ತದೆ; ಹೊಲದಲ್ಲಿ ಬಿರುಕು ಬಿಟ್ಟಂತೆ ಮಾಡೆಲ್ ಮೇಲೂ ಬಿಟ್ಟು ಹಪ್ಪಳೆಯಾಗಿ ಉದುರುತ್ತದೆ. ಬಣ್ಣವೂ ಹೊಂದುವುದಿಲ್ಲ. ಅಸಲ್ ಉತ್ತರ್ ಪಂಜಾಬಿನ ನೀರಾವರಿ ಬಯಲು. ಅಲ್ಲಿ ನೀರು ಹರಿಸಿದ ಹೊಲಗಳಲ್ಲೇ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಹೂತುಕೊಂಡವು. ಆ ರಾಡಿಗೆ ಮಾಸಲು ಕಂದು ಬೇಕು. ರಾಜಸ್ಥಾನದ ಮರುಭೂಮಿಯಲ್ಲಿ ನಡೆದ 1971ರ ಲೋಂಗೆವಾಲಾ ಕದನದ ಟ್ಯಾಂಕ್ ಮಾಡುವುದಾದರೆ ತಿಳಿ ಮರಳು ಬಣ್ಣದ ಧೂಳು. ಸ್ಥಳೀಯ ಮಣ್ಣು ಬೇಕೇಬೇಕೆಂದರೆ ಮಸಾರಿ ಮಣ್ಣನ್ನು ಹಂಚಿನ ಮೇಲೆ ಹುರಿದು, ತೆಳು ಅರಿವೆಯಲ್ಲಿ ಸೋಸಿ, ಪಿಗ್ಮೆಂಟ್ (ಒಣ ಬಣ್ಣದ) ಪುಡಿಯಿಂದ ಬಣ್ಣ ತಿದ್ದಿ. ಸೋಸುವುದು ಬಿಡಬೇಡಿ: ಅರ್ಧ ಮಿ.ಮೀ. ಕಾಳು ಈ ಅಳತೆಯಲ್ಲಿ 17.5 ಮಿ.ಮೀ. ಕಲ್ಲಾಗುತ್ತದೆ.

ಪುಡಿಯನ್ನು ಅಕ್ರಿಲಿಕ್ ಮ್ಯಾಟ್ ಮೀಡಿಯಂನಲ್ಲಿ ಕಲಸಿ ಚಕ್ರಗಳ ನಡುವೆ, ಫೆಂಡರ್ ಒಳಗೆ, ಹಿಂದಿನ ಸ್ಪ್ರಾಕೆಟ್ (ಸರಪಳಿ ಪಟ್ಟಿ ಎಳೆಯುವ ಹಲ್ಲುಚಕ್ರ) ಸುತ್ತ ಮೆತ್ತಿ. ಮೊದಲು ತಿಳಿ ಬಣ್ಣದ ಒಣ ಮಣ್ಣು, ಅದರ ಮೇಲೆ ಕಡಿಮೆ ಜಾಗದಲ್ಲಿ ಗಾಢವಾದದ್ದು, ಕೊನೆಗೆ ಹಸಿ ರಾಡಿ ತೋರಬೇಕಾದ ಕಡೆ ಮಾತ್ರ ಹೊಳಪಿನ ವಾರ್ನಿಷ್. ಸರಪಳಿ ಪಟ್ಟಿಯನ್ನು ಗಾಢ ಕಂದಾಗಿಸಿ, ನೆಲ ತಾಗುವ ಉಬ್ಬುಗಳಿಗೆ 6ಬಿ ಪೆನ್ಸಿಲ್ ತಿಕ್ಕಿದರೆ ಸವೆದ ಉಕ್ಕಿನ ಹೊಳಪು ಬರುತ್ತದೆ. ಸ್ಪ್ರಾಕೆಟ್ ಹಲ್ಲಿಗೂ ಹಾಗೆಯೇ.

ಮೇಲ್ಭಾಗಕ್ಕೆ ಒಣ ಪುಡಿ ಉದುರಿಸಿ, ಪಕ್ಕದಿಂದ ಟರ್ಪಂಟೈನ್ ಹನಿ ಮುಟ್ಟಿಸಿ; ಅದು ತಾನೇ ಹರಿದು ಪುಡಿಯನ್ನು ಕೂರಿಸುತ್ತದೆ. ಬ್ರಷ್‌ನಿಂದ ಸವರಿದರೆ ಕೆಸರಾಗುತ್ತದೆ. ಒದ್ದೆಯಿದ್ದಾಗ ಧೂಳು ಮಾಯವಾದಂತೆ ಕಾಣುವುದರಿಂದ ಬಹಳ ಜನ ಮತ್ತೆ ಮತ್ತೆ ಸುರಿಯುತ್ತಾರೆ. ಪೂರ್ತಿ ಆರಿ ಬಣ್ಣ ತಿಳಿಯಾಗುವ ತನಕ ಎರಡನೇ ಸಲ ಹಾಕಬೇಡಿ. ಹೆಚ್ಚಾದದ್ದನ್ನು ಒಣ ಬ್ರಷ್‌ನಿಂದ ಹ್ಯಾಚ್ ಸುತ್ತ, ಕಾಲಿಡುವ ಜಾಗಗಳಲ್ಲಿ ಉಜ್ಜಿ ತೆಗೆಯಿರಿ. ಇದರ ಮೇಲೆ ಮತ್ತೆ ವಾರ್ನಿಷ್ ಹೊಡೆದರೆ ಧೂಳಿನ ತಿಳಿಬಣ್ಣವೇ ಹೋಗುತ್ತದೆ. ಹಾಗೇ ಗಾಜಿನ ಪೆಟ್ಟಿಗೆಯಲ್ಲಿಡಿ.